ನೋಟು ಎಣಿಸುವ ಮಷಿನ್‌ಗೆ ಆರ್ಡುಯಿನೊ: ಪಿಡಬ್ಲ್ಯೂಎಂ ಸೊನ್ನೆ ಅಂದರೆ ಬ್ರೇಕ್ ಅಲ್ಲ

ಕೋಲಾರದ ಟೊಮೆಟೊ ಮಂಡಿಯೊಂದರ ಹಳೇ ಮಷಿನ್ ಇದು. ಬೋರ್ಡ್ ಸುಟ್ಟಿದೆ, ಮೋಟಾರು, ರೋಲರ್, ಸೆನ್ಸರ್ ಚೆನ್ನಾಗಿವೆ. ಮೋಟಾರು 24 ವೋಲ್ಟ್ ಡಿಸಿ. ಅದಕ್ಕೆ ಕರೆಂಟ್ ಕೊಡಲು ಎಲ್298ಎನ್ ಡ್ರೈವರ್, ಡ್ರೈವರ್‌ಗೆ ಆಜ್ಞೆ ಕೊಡಲು ಆರ್ಡುಯಿನೊ ಉನೊ ಅನ್ನೋ ಪುಟ್ಟ ಪ್ರೋಗ್ರಾಂ ಬೋರ್ಡ್. 12 ವೋಲ್ಟ್‌ಗಿಂತ ಜಾಸ್ತಿ ಕೊಡುವಾಗ ಡ್ರೈವರ್ ಮೇಲಿನ ರೆಗ್ಯುಲೇಟರ್ ಜಂಪರ್ ತೆಗೆದು, 5 ವೋಲ್ಟ್ ಬೇರೆ ಕೊಡಿ. ಉಳಿದ ವೈರಿಂಗ್ ಮಾಮೂಲಿ.

ಎಣಿಕೆ ಸುಲಭ. ನಿಮಿಷಕ್ಕೆ 1000 ನೋಟು ಅಂದರೆ ಒಂದಕ್ಕೆ 60 ಮಿಲಿಸೆಕೆಂಡ್. ಉನೊಗೆ ಧಾರಾಳ ಸಮಯ. ಹೊಸ ಸರಣಿಯ 100, 200, 500ರ ನೋಟುಗಳ ಅಗಲ ಒಂದೇ, 66 ಮಿಲಿಮೀಟರ್. ಹಾಗಾಗಿ ಸೆನ್ಸರಿನ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕು ಮಾಮೂಲಿಗಿಂತ ಜಾಸ್ತಿ ಹೊತ್ತು ಮರೆಯಾದರೆ ನೋಟಿನ ಮೇಲೆ ನೋಟು ಬಂದಿದೆ ಅಂತ ಅನುಮಾನಿಸಬಹುದು.

ತಲೆ ತಿಂದದ್ದು ನಿಲ್ಲಿಸುವ ಕೆಲಸ. 100ಕ್ಕೆ ನಿಲ್ಲಬೇಕು, ಆದರೆ 101ನೇ ನೋಟೂ ಜಾರಿ ಬರುತ್ತದೆ. ಪರದೆ 101 ಅಂತ ಸರಿಯಾಗೇ ತೋರಿಸುತ್ತದೆ, ಕಟ್ಟು ಮಾತ್ರ ಕೆಟ್ಟಿತು.

ವೇಗ ಹೆಚ್ಚು ಕಡಿಮೆ ಮಾಡೋದು ಪಿಡಬ್ಲ್ಯೂಎಂನಿಂದ, ಅಂದರೆ ಸಿಗ್ನಲನ್ನು ಬೇಗ ಬೇಗ ಆನ್-ಆಫ್ ಮಾಡಿ. ಡ್ರೈವರ್‌ನ ಇಎನ್‌ಎ (ಎನೇಬಲ್) ಪಿನ್‌ಗೆ ಪಿಡಬ್ಲ್ಯೂಎಂ 0 ಕೊಟ್ಟರೆ ಏನಾಗುತ್ತದೆ ನೋಡಿ. ಮೋಟಾರಿಗೆ ಕರೆಂಟ್ ಬಿಡುವ ಡ್ರೈವರ್‌ನ ನಾಲ್ಕೂ ಟ್ರಾನ್ಸಿಸ್ಟರ್ ಆಫ್. ತಿರುಗುತ್ತಿರುವ ಮೋಟಾರು ಈಗ ಜನರೇಟರ್. ವೋಲ್ಟೇಜ್ ಹುಟ್ಟುತ್ತದೆ, ಆದರೆ ಅದು ಸಪ್ಲೈಗಿಂತ ಕಡಿಮೆ. ಡ್ರೈವರ್ ಬೋರ್ಡಿನ ಡಯೋಡ್ ದಾಟಿ ಸಪ್ಲೈಗೆ ಹೋಗಲು ಸಾಲದು. ಕರೆಂಟ್ ಹರಿಯದಿದ್ದರೆ ತಡೆಯುವ ಬಲವೂ ಇಲ್ಲ. ಸೈಕಲ್ ಪೆಡಲ್ ತುಳಿಯೋದು ಬಿಟ್ಟ ಹಾಗೆ, ಅಷ್ಟೇ.

ಬ್ರೇಕ್ ಬೇಕಾದರೆ ಇಎನ್‌ಎ ಪೂರ್ತಿ ಹೈ ಇರಬೇಕು, ದಿಕ್ಕು ಹೇಳುವ ಐಎನ್1, ಐಎನ್2 ಪಿನ್ ಎರಡೂ ಲೋ ಆಗಬೇಕು. ಆಗ ಮೋಟಾರಿನ ಎರಡು ತುದಿ ಡ್ರೈವರ್ ಒಳಗೇ ಸೇರುತ್ತವೆ. ಕರೆಂಟ್ ಉಲ್ಟಾ ಹರಿದು ತಿರುಗುವಿಕೆಯನ್ನು ಹಿಡಿಯುತ್ತದೆ. ನಿಲ್ಲಿಸಲು ಎನೇಬಲ್ ಹೈ ಮಾಡೋದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಡ್ರೈವರ್‌ನಿಂದ ಮೋಟಾರಿನ ವೈರ್ ಬಿಚ್ಚಿ, ಶಾಫ್ಟನ್ನು ಬೆರಳಲ್ಲಿ ತಿರುಗಿಸಿ. ಆಮೇಲೆ ಎರಡೂ ವೈರನ್ನು ಒಂದಕ್ಕೊಂದು ತಾಗಿಸಿ ತಿರುಗಿಸಿ. ಬಿಗಿ ಬೆರಳಿಗೇ ಗೊತ್ತಾಗುತ್ತದೆ.

ಪೂರ್ತಿ ವೇಗದಲ್ಲಿ ಸುಮ್ನೆ ಬ್ರೇಕ್ ಹಾಕಬೇಡಿ. 20 ವೋಲ್ಟ್ ಹುಟ್ಟಿ, ಸುರುಳಿಯ ರೋಧ 4 ಓಮ್ ಇದ್ದರೆ 5 ಆಂಪಿಯರ್ ಹತ್ತಿರ ಹೋಗುತ್ತದೆ. ಎಲ್298ರ ಒಂದು ಚಾನೆಲ್ ತಾಳೋದು 2 ಆಂಪಿಯರ್. ಅದಕ್ಕೇ 95ನೇ ನೋಟಿಗೇ ವೇಗ ಇಳಿಸಿ. ವೇಗ ಅರ್ಧವಾದರೆ ಚಲನಶಕ್ತಿ ಕಾಲು ಭಾಗಕ್ಕೆ ಬರುತ್ತದೆ, ಎರಡು ನೋಟಿನ ನಡುವಿನ ಸಂದಿನಲ್ಲೇ ರೋಲರ್ ನಿಲ್ಲಿಸೋದು ಸುಲಭ.

ಬ್ರೇಕ್ ಹಾಕಿದ ಮೇಲೆ ಕೋಡ್‌ನಲ್ಲಿ ಡಿಲೇ (ಸುಮ್ನೆ ಕಾಯುವ ಆಜ್ಞೆ) ಬೇಡ. ಆ ಹೊತ್ತಿನಲ್ಲಿ ಜಾರಿದ ನೋಟು ಎಣಿಕೆಗೆ ಸಿಗುವುದಿಲ್ಲ. ಸೆನ್ಸರನ್ನು ಉನೊದ 2 ಅಥವಾ 3ನೇ ಪಿನ್‌ಗೆ ಕೊಟ್ಟು ಇಂಟರಪ್ಟ್‌ನಲ್ಲೇ, ಅಂದರೆ ಸಿಗ್ನಲ್ ಬಂದ ತಕ್ಷಣ ಬೇರೆ ಕೆಲಸ ಬಿಟ್ಟು ಓಡುವ ಕೋಡ್‌ನಲ್ಲೇ, ಎಣಿಸಿ.