ನೆಲ ಮುಟ್ಟಿದ ವಿಂಟರ್ಸ್ ಕೈಯಲ್ಲಿ ಬಂದೂಕು ಏಕಿರಲಿಲ್ಲ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ಕಥೆಯ ಟಿವಿ ಧಾರಾವಾಹಿ ‘ಬ್ಯಾಂಡ್ ಆಫ್ ಬ್ರದರ್ಸ್’ನ ಎರಡನೇ ಕಂತು ನೋಡಿ ತಲೆ ಗಿರ್ರೆಂದಿತು. ಪ್ಯಾರಾಚೂಟಿನಲ್ಲಿ ಇಳಿದು ಹೋರಾಡಲು ಸುಮಾರು ಎರಡು ವರ್ಷ ತರಬೇತಿ ಪಡೆದ ಅಮೆರಿಕದ ಪ್ಯಾರಾಟ್ರೂಪರ್‌ಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಬೀಳುತ್ತಾರೆ. ಮುಖ್ಯ ಪಾತ್ರವಾದ ವಿಂಟರ್ಸ್ ಕೈಯಲ್ಲಿ ಬಂದೂಕೇ ಇರುವುದಿಲ್ಲ. ನಿಜಕ್ಕೂ ಹೀಗೇ ಆಗಿತ್ತಾ, ಇಲ್ಲ ರೋಮಾಂಚನಕ್ಕಾಗಿ ಉಪ್ಪುಖಾರ ಹಚ್ಚಿದ್ದಾರಾ?

ಹೀಗೇ ಆಗಿತ್ತು. ರಿಚರ್ಡ್ ವಿಂಟರ್ಸ್ 1944ರ ಜೂನ್ 6ರ ನಸುಕಿನಲ್ಲಿ ಸೇಂಟ್ ಮೇರ್ ಎಗ್ಲೀಸ್ ಊರಿನ ಅಂಚಿಗೆ ಬಿದ್ದಾಗ ಅವರ ಬಳಿ ಉಳಿದಿದ್ದ ಆಯುಧ ಒಂದು ಚಾಕು ಮಾತ್ರ. ಇಳಿಯಬೇಕಾಗಿದ್ದ ಜಾಗ ಅಲ್ಲಿಂದ ಹಲವು ಕಿಲೋಮೀಟರ್ ಆಚೆ, ಸೇಂಟ್ ಮರೀ ದ್ಯು ಮೋಂ ಕಡೆಗಿತ್ತು. ಧಾರಾವಾಹಿ ಎಲ್ಲ ಕಡೆಯೂ ಇಷ್ಟು ನಂಬಿಕಸ್ಥವೇನಲ್ಲ. ಮೂರನೇ ಕಂತಿನ ಕೊನೆಯಲ್ಲಿ ವಿಂಟರ್ಸ್ ಜೊತೆಗಾರ ಸೈನಿಕ ಆಲ್ಬರ್ಟ್ ಬ್ಲೈತ್ 1948ರಲ್ಲಿ ತೀರಿಕೊಂಡರು ಎಂಬ ಬರಹ ಬರುತ್ತದೆ. ಆದರೆ ಅವರು ಬದುಕಿ, ಸೇನೆಯಲ್ಲೇ ಮುಂದುವರಿದು, ತೀರಿಕೊಂಡದ್ದು 1967ರಲ್ಲಿ. ವಿಮಾನದಿಂದ ಜಿಗಿಯುವ ದೃಶ್ಯದ ಗೊಂದಲದಲ್ಲಿ ಮಾತ್ರ ಉತ್ಪ್ರೇಕ್ಷೆ ಕಡಿಮೆ. ಇಷ್ಟೆಲ್ಲ ಯಾಕಾಯಿತು ಎಂಬುದನ್ನು ಪರದೆ ವಿವರಿಸುವುದಿಲ್ಲ. ಚೆಲ್ಲಾಪಿಲ್ಲಿಗೆ ದೊಡ್ಡ ಕಾರಣ ಮೋಡ, ಬಂದೂಕು ಕಳೆದುಹೋಗಲು ದೊಡ್ಡ ಕಾರಣ ವಿಮಾನದ ವೇಗ.

ಮೊದಲು ಯೋಜನೆ ಹೇಗಿತ್ತೆಂದು ನೋಡೋಣ. ಆ ರಾತ್ರಿ ಅಮೆರಿಕದ 82 ಮತ್ತು 101ನೇ ಏರ್‌ಬೋರ್ನ್ ಡಿವಿಜನ್‌ಗಳ ಸುಮಾರು 13,000 ಜನರನ್ನು 800ಕ್ಕೂ ಹೆಚ್ಚು ಸಿ-47 ವಿಮಾನಗಳು ಹೊತ್ತೊಯ್ದವು. ವಿಂಟರ್ಸ್ ಇದ್ದ, 101ನೇ ಡಿವಿಜನ್ನಿನ ಈಸಿ ಕಂಪನಿ ಹೊರಟದ್ದು ಇಂಗ್ಲೆಂಡಿನ ಡೆವನ್‌ನಲ್ಲಿರುವ ಅಪಾಟ್ರಿ ವಿಮಾನನೆಲೆಯಿಂದ. ರೇಡಾರಿಗೆ ಸಿಗದಂತೆ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಸುಮಾರು 500 ಅಡಿ ಎತ್ತರದಲ್ಲಿ ಹಾರಿ, ಚಾನೆಲ್ ದ್ವೀಪಗಳ ನಡುವೆ ನುಸುಳಿ, ನಾರ್ಮಂಡಿಯ ಕೊಟಾಂಟಾಂ ಪರ್ಯಾಯ ದ್ವೀಪವನ್ನು ಪಶ್ಚಿಮದಿಂದ ಹೊಕ್ಕು, ಕರಾವಳಿ ದಾಟುವಾಗ 1,500 ಅಡಿಗೆ ಏರಬೇಕು. ಆಮೇಲೆ ಸುಮಾರು 700 ಅಡಿಗೆ ಇಳಿದು, ವೇಗವನ್ನು ಗಂಟೆಗೆ 110 ಮೈಲಿಗೆ, ಅಂದರೆ 177 ಕಿಲೋಮೀಟರಿಗೆ ತಗ್ಗಿಸಿ ಹಸಿರು ದೀಪ ಹಾಕಬೇಕು. ಸಿ-47ರ ಬಾಗಿಲು ಎಡಬದಿಯ ಹಿಂಭಾಗದಲ್ಲಿದೆ. ಪ್ರೊಪೆಲ್ಲರ್ ಗಾಳಿ ಜಿಗಿಯುವವನನ್ನು ತಿರುಚಿಹಾಕದಿರಲೆಂದು ಎಡ ಎಂಜಿನ್ನಿನ ಶಕ್ತಿಯನ್ನೂ ಇಳಿಸುವುದು ಪದ್ಧತಿ.

ಒಂದು ವಿಮಾನದಲ್ಲಿ ಹೆಚ್ಚುಕಮ್ಮಿ 15ರಿಂದ 18 ಜನ. ಈ ಗುಂಪಿಗೆ ಸ್ಟಿಕ್ ಎನ್ನುತ್ತಾರೆ. ಗುರಿಗೆ ಕೆಲವು ನಿಮಿಷ ಮುಂಚೆ ಕೆಂಪು ದೀಪ ಹತ್ತುತ್ತದೆ. ಎಲ್ಲರೂ ಎದ್ದು, ಜಿಗಿದೊಡನೆ ಛತ್ರಿ ಬಿಚ್ಚಿಸುವ ಸ್ಟ್ಯಾಟಿಕ್ ಲೈನ್ ಎಂಬ ಪಟ್ಟಿಯ ಕೊಂಡಿಯನ್ನು ಮೇಲಿನ ತಂತಿಗೆ ಸಿಕ್ಕಿಸಿ, ಮುಂದಿನವನ ಬೆನ್ನಿನ ಸಾಮಾನು ಪರೀಕ್ಷಿಸಿ, ಹಿಂದಿನಿಂದ ಮುಂದಕ್ಕೆ ಒಬ್ಬೊಬ್ಬರಾಗಿ ಸಂಖ್ಯೆ ಕೂಗುತ್ತಾರೆ. ಹಸಿರು ದೀಪ ಬಂದೊಡನೆ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡಂತೆ ಹೊರಬೀಳಬೇಕು. ಈ ಅವಸರಕ್ಕೆ ಸರಳ ಲೆಕ್ಕವಿದೆ. 110 ಮೈಲಿ ವೇಗದಲ್ಲಿ ವಿಮಾನ ಸೆಕೆಂಡಿಗೆ ಸುಮಾರು 49 ಮೀಟರ್ ಮುಂದೆ ಹೋಗುತ್ತದೆ. ಒಬ್ಬೊಬ್ಬರ ನಡುವೆ ಒಂದು ಸೆಕೆಂಡ್ ಅಂತರವಿದ್ದರೆ 18 ಜನರ ಸಾಲು ನೆಲದ ಮೇಲೆ 830 ಮೀಟರ್ ಉದ್ದ ಹರಡುತ್ತದೆ. ಒಬ್ಬ ಬಾಗಿಲಲ್ಲಿ ಎಡವಿ ಹತ್ತು ಸೆಕೆಂಡ್ ತಡಮಾಡಿದರೆ ಅವನ ಹಿಂದಿನವರೆಲ್ಲ ಅರ್ಧ ಕಿಲೋಮೀಟರ್ ಆಚೆ ಬೀಳುತ್ತಾರೆ. ಇಳಿದ ಮೇಲೆ ಮೊದಲು ಜಿಗಿದವನು ವಿಮಾನ ಹೋದ ದಿಕ್ಕಿಗೆ ನಡೆಯಬೇಕು, ಕೊನೆಯವನು ಬಂದ ದಿಕ್ಕಿಗೆ ನಡೆಯಬೇಕು, ನಡುವಿನವನು ಅಲ್ಲೇ ಕಾಯಬೇಕು. ವಿಮಾನ ಯಾವ ಕಡೆ ಹೋಯಿತೆಂದು ಗೊತ್ತಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ ಅನ್ನಿ.

ಪಶ್ಚಿಮ ಕರಾವಳಿ ದಾಟುತ್ತಿದ್ದಂತೆ ವಿಮಾನಗಳು ದಟ್ಟ ಮೋಡದೊಳಗೆ ನುಗ್ಗಿದವು. ಒಂಬತ್ತು ವಿಮಾನಗಳ ವಿ-ಆಕಾರದ ತಂಡ, ರೆಕ್ಕೆಯಿಂದ ರೆಕ್ಕೆಗೆ ಸುಮಾರು 100 ಅಡಿ ಅಂತರ. ಪಕ್ಕದವನು ಕಾಣದಿದ್ದಾಗ ಡಿಕ್ಕಿ ತಪ್ಪಿಸಲು ಕೆಲವರು ಮೇಲೇರಿದರು, ಕೆಲವರು ಕೆಳಗಿಳಿದರು, ಕೆಲವರು ಬದಿಗೆ ಸರಿದರು. ರೇಡಿಯೋದಲ್ಲಿ ಮಾತಾಡುವಂತಿರಲಿಲ್ಲ. ದಾರಿ ತೋರುವ ನ್ಯಾವಿಗೇಟರ್ ಎಲ್ಲ ವಿಮಾನಗಳಲ್ಲೂ ಇರಲಿಲ್ಲ. ಪಾತ್‌ಫೈಂಡರ್‌ಗಳು ಮುಂಚಿತವಾಗಿ ಇಳಿದು ನೆಲದಲ್ಲಿ ಇಡಬೇಕಿದ್ದ ಯುರೇಕಾ ಸಂಕೇತಯಂತ್ರದ ಸುಳಿವು ಹಿಡಿಯುವ ರೆಬೆಕ್ಕಾ ಉಪಕರಣವೂ ಮುಂಚೂಣಿಯ ವಿಮಾನಗಳಿಗೆ ಸೀಮಿತ. ಉಳಿದವರು ಮುಂದಿನವನನ್ನು ನೋಡಿಕೊಂಡು ಹಾರಬೇಕಿತ್ತು, ಆ ಮುಂದಿನವನೇ ಮಾಯವಾಗಿದ್ದ. ಎಷ್ಟೋ ಪಾತ್‌ಫೈಂಡರ್‌ಗಳೂ ತಪ್ಪು ಜಾಗದಲ್ಲಿ ಇಳಿದಿದ್ದರು.

ಮೋಡದಿಂದ ಹೊರಬಂದೊಡನೆ ವಿಮಾನವಿರೋಧಿ ಗುಂಡಿನ ಮಳೆ. ಆಗ ವೇಗ ಏರಲು ಮೂರು ಕಾರಣಗಳು ಒಟ್ಟಿಗೆ ಕೂಡಿದವು. 1,500 ಅಡಿಯಿಂದ 700ಕ್ಕೆ ಮೂಗು ತಗ್ಗಿಸಿ ಇಳಿಯುವ ವಿಮಾನ ತಾನಾಗಿಯೇ ವೇಗ ಗಳಿಸುತ್ತದೆ. ತಂಡದಿಂದ ಹಿಂದೆ ಬಿದ್ದವನು ಮುಂದಿನವರನ್ನು ಹಿಡಿಯಲು ಎಂಜಿನ್ ಒತ್ತುತ್ತಾನೆ. ಮೂರನೆಯದು ಪ್ರಾಣಭಯ. ಸಿ-47ಕ್ಕೆ ರಕ್ಷಾಕವಚವಿಲ್ಲ, ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕ್ ಇಲ್ಲ, ತಿರುಗಿ ಹೊಡೆಯಲು ಒಂದು ಬಂದೂಕೂ ಇಲ್ಲ. ಈಸಿ ಕಂಪನಿಯ ಕಮಾಂಡರ್ ಥಾಮಸ್ ಮೀಹನ್ ಇದ್ದ ವಿಮಾನ ಬೆಂಕಿ ಹತ್ತಿ ಬೂಜ್ವಿಲ್ ಓ ಪ್ಲೇನ್ ಹತ್ತಿರ ನೆಲಕ್ಕಪ್ಪಳಿಸಿ ಒಳಗಿದ್ದವರೆಲ್ಲ ಸತ್ತದ್ದನ್ನು ಕಂತು ತೋರಿಸುತ್ತದೆ. ಅದು ನಡೆದದ್ದೇ. ಪೈಲಟ್‌ಗಳು ಹೇಡಿಗಳಾದರು, ಆದ್ದರಿಂದಲೇ ಎಲ್ಲ ಕೆಟ್ಟಿತು ಎಂಬ ಮಾತು ಯುದ್ಧದ ನಂತರ ಬಹಳ ಕಾಲ ಚಲಾವಣೆಯಲ್ಲಿತ್ತು. ಕತ್ತಲು, ಮೋಡ, ರೇಡಿಯೋ ಮೌನ, ಅರೆಬರೆ ಉಪಕರಣ ಇವನ್ನೆಲ್ಲ ಅವರ ತಲೆಗೆ ಕಟ್ಟುವುದು ಅನ್ಯಾಯ. ಮೋಡದಲ್ಲಿ ತಂಡ ಒಡೆದದ್ದು ತರಬೇತಿಯ, ಯೋಜನೆಯ ಕೊರತೆ. ಕೆಲವರು ಮಾತ್ರ ವೇಗ ತಗ್ಗಿಸದೆಯೇ ಹಸಿರು ದೀಪ ಒತ್ತಿದ್ದೂ ನಿಜ.

ಗಂಟೆಗೆ 150 ಮೈಲಿ ಎಂದಿಟ್ಟುಕೊಳ್ಳಿ. 110ಕ್ಕಿಂತ ಬರೀ 40 ಹೆಚ್ಚು. ಆದರೆ ಬಿಚ್ಚುವ ಪ್ಯಾರಾಚೂಟಿನ ಮೇಲೆ ಗಾಳಿಯ ಎಳೆತ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. 150ನ್ನು 110ರಿಂದ ಭಾಗಿಸಿ ವರ್ಗ ಮಾಡಿದರೆ 1.86, ಅಂದರೆ ಜಗ್ಗು ಸುಮಾರು ಎರಡು ಪಟ್ಟಿನ ಹತ್ತಿರ. ಅಮೆರಿಕನ್ನರು ಬಳಸುತ್ತಿದ್ದ ಟಿ-5 ಪ್ಯಾರಾಚೂಟ್ ಇದನ್ನು ಇನ್ನೂ ಒರಟಾಗಿಸುತ್ತಿತ್ತು. 28 ಅಡಿ ವ್ಯಾಸದ ಅದರ ಛತ್ರಿ ಮೊದಲು ಹೊರಬಂದು ಗಾಳಿ ತುಂಬಿಕೊಳ್ಳುತ್ತದೆ, ಹಗ್ಗಗಳು ಆಮೇಲೆ ಬಿಗಿಯುತ್ತವೆ. ಜಿಗಿದವನಿಗೆ ಯಾರೋ ಹಿಂದಿನಿಂದ ಹಿಡಿದೆಳೆದಂಥ ಏಟು. ಬ್ರಿಟಿಷರ ಎಕ್ಸ್-ಟೈಪ್‌ನಲ್ಲಿ ಹಗ್ಗಗಳು ಮೊದಲು ಪೂರ್ತಿ ಬಿಚ್ಚಿಕೊಂಡು ಛತ್ರಿ ಕೊನೆಗೆ ಅರಳುತ್ತಿತ್ತು, ಆದ್ದರಿಂದ ಜಗ್ಗು ಮೆದು. ಬ್ರಿಟಿಷರು ಅದರ ಮೇಲೆ ಭರವಸೆಯಿಟ್ಟು ಎದೆಯ ಮೇಲಿನ ರಿಸರ್ವ್ ಛತ್ರಿಯಿಲ್ಲದೆಯೇ ಜಿಗಿಯುತ್ತಿದ್ದರು.

ವಿಂಟರ್ಸ್ ಬಂದೂಕು ಹೋದದ್ದು ಲೆಗ್ ಬ್ಯಾಗ್ ಎಂಬ ಚೀಲದ ಜೊತೆ. ಬ್ರಿಟಿಷರಿಂದ ಪಡೆದ ಈ ದಪ್ಪ ಕ್ಯಾನ್ವಾಸ್ ಚೀಲವನ್ನು ಕಾಲಿಗೆ ಪಟ್ಟಿಗಳಿಂದ ಕಟ್ಟಿಕೊಳ್ಳಬೇಕು. ಚೀಲಕ್ಕೂ ಛತ್ರಿಯನ್ನು ಮೈಗೆ ಬಿಗಿಯುವ ಪಟ್ಟಿಗಳಾದ ಹಾರ್ನೆಸ್‌ಗೂ ನಡುವೆ ಸುಮಾರು 20 ಅಡಿ ಹಗ್ಗ. ಛತ್ರಿ ಅರಳಿದ ಮೇಲೆ ಪಿನ್ ಎಳೆದು ಕಾಲಿನಿಂದ ಚೀಲ ಬಿಡಿಸಿ, ಹಗ್ಗವನ್ನು ಕೈಯಿಂದ ಕೈಗೆ ಬದಲಿಸುತ್ತ ನಿಧಾನಕ್ಕೆ ಇಳಿಬಿಡಬೇಕು. ಚೀಲ ಮೊದಲು ನೆಲ ತಾಕಿದರೆ ಮೇಲಿನವನ ಭಾರ ಹಗುರಾಗಿ ಇಳಿತವೂ ಸಲೀಸು. ಬಂದೂಕು, ಗುಂಡು, ರೇಡಿಯೋ, ಮದ್ದು, ಏನು ಬೇಕಾದರೂ ತುಂಬಬಹುದು. ಬ್ರಿಟಿಷರು ಇದನ್ನು ತರಬೇತಿಯಲ್ಲಿ ರೂಢಿಮಾಡಿಕೊಂಡಿದ್ದರು. ಅಮೆರಿಕನ್ನರಲ್ಲಿ ಬಹುಪಾಲು ಮಂದಿಗೆ ಇದು ಕಡೇ ಗಳಿಗೆಯಲ್ಲಿ ಸಿಕ್ಕಿದ ಸಾಮಾನು. ಸಿಕ್ಕಿತೆಂದು ಹೊಲಿಗೆ ಬಿರಿಯುವಷ್ಟು ತುಂಬಿದರು.

ಲೆಕ್ಕಕ್ಕೆ 36 ಕಿಲೋ ಚೀಲ ತೆಗೆದುಕೊಳ್ಳಿ. ಛತ್ರಿ ಅರಳುವಾಗ ಒಂದು ಕ್ಷಣ ದೇಹದ ಮೇಲೆ ಗುರುತ್ವದ ಐದು ಪಟ್ಟು ಜಗ್ಗು ಬಿದ್ದರೆ ಪಟ್ಟಿಗಳು 180 ಕಿಲೋ ತಡೆಯಬೇಕು. ಅದೇ 1.86 ಪಟ್ಟಾದರೆ 330 ದಾಟುತ್ತದೆ. ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದಾಗ ಕಂಬಿ ಹಿಡಿದವರು ನಿಲ್ಲುತ್ತಾರೆ, ಕಾಲ ಬಳಿ ಇಟ್ಟ ಅಕ್ಕಿಮೂಟೆ ನಿಲ್ಲುವುದಿಲ್ಲ. ಅದೇ ಇಲ್ಲಿ ಆದದ್ದು: ಮನುಷ್ಯ ನಿಂತ, ಚೀಲ ಪಟ್ಟಿ ಹರಿದುಕೊಂಡು ಕೆಳಗೆ ಹೋಯಿತು. ಹರಿಯದಿದ್ದವರಿಗೂ ಬೇರೆ ಕಷ್ಟಗಳಿದ್ದವು. ಹಗ್ಗವನ್ನು ಕೈಯಲ್ಲಿ ಜಾರಿಸದೆ ಒಮ್ಮೆಲೇ ಬಿಟ್ಟರೆ ತುದಿಯಲ್ಲಿ ಜರ್ಕ್ ಹೊಡೆದು ತುಂಡಾಗುತ್ತದೆ. ಬಿಡಿಸಲು ಆಗದೆ ಕಾಲಿಗೇ ಉಳಿದರೆ ಇಳಿಯುವಾಗ ಮೂಳೆ ಮುರಿಯುತ್ತದೆ. ಸಮಯವೂ ಕಡಿಮೆ: 700 ಅಡಿಯಿಂದ ಜಿಗಿದರೆ ಗಾಳಿಯಲ್ಲಿ ಸಿಗುವುದು ಅರ್ಧ ನಿಮಿಷದೊಳಗೆ. ಕೆಲವು ವಿಮಾನಗಳು 500 ಅಡಿಗಿಂತ ಕೆಳಗಿದ್ದವು, ಅಲ್ಲಿಂದ ಬಿದ್ದವರಿಗೆ ಪಿನ್ ಹುಡುಕುವಷ್ಟರಲ್ಲಿ ನೆಲ ಬಂದಿತ್ತು.

ಬಂದೂಕನ್ನು ಮೈಮೇಲೇ ಇಟ್ಟುಕೊಂಡವರೂ ಇದ್ದರು. ಕೆಲವರು ಎಂ-1 ಗ್ಯಾರಂಡ್ ರೈಫಲನ್ನು ಬಿಚ್ಚಿ ಗ್ರಿಸ್ವೋಲ್ಡ್ ಎಂಬ ಪ್ಯಾಡ್ ಚೀಲದಲ್ಲಿ ಹಾಕಿಕೊಂಡಿದ್ದರು. ಅದು ಉಳಿಯುತ್ತಿತ್ತು, ಆದರೆ ಕತ್ತಲಲ್ಲಿ ಕೂತು ಜೋಡಿಸಬೇಕು. ಇನ್ನು ಕೆಲವರು ಜೋಡಿಸಿದ ರೈಫಲನ್ನೇ ರಿಸರ್ವ್ ಛತ್ರಿಯ ಹಿಂದೆ ಅಡ್ಡಲಾಗಿ ಸಿಕ್ಕಿಸಿಕೊಂಡರು, ಗದ್ದಕ್ಕೆ ಬಡಿಯುವ ಅಪಾಯ ಒಪ್ಪಿಕೊಂಡು. ಮೆಷಿನ್‌ಗನ್, ಮಾರ್ಟರ್‌ಗಳಂಥ ಭಾರಿ ಸಾಮಾನು ವಿಮಾನದ ಹೊಟ್ಟೆಯಡಿಯ ಪೆಟ್ಟಿಗೆಗಳಲ್ಲಿ ಬೇರೆ ಛತ್ರಿಗೆ ಕಟ್ಟಿ ಬೀಳುತ್ತಿತ್ತು. ಪೆಟ್ಟಿಗೆ ಹುಡುಕುವುದೇ ಒಂದು ಕೆಲಸ.

ಇಳಿದ ಮೇಲೂ ಟಿ-5 ಬಿಡುತ್ತಿರಲಿಲ್ಲ. ಎದೆಯಲ್ಲೊಂದು, ಎರಡು ತೊಡೆಗಳಲ್ಲಿ ಎರಡು, ಹೀಗೆ ಮೂರು ಕೊಂಡಿಗಳನ್ನು ಬೇರೆ ಬೇರೆಯಾಗಿ ಬಿಚ್ಚಬೇಕು. ಬ್ರಿಟಿಷರ ಹಾರ್ನೆಸ್‌ನಲ್ಲಿ ಎದೆಯ ಮೇಲಿನ ಒಂದು ಬಿಲ್ಲೆಯನ್ನು ತಿರುಗಿಸಿ ಗುದ್ದಿದರೆ ಸಾಕು, ಎಲ್ಲ ಕಳಚುತ್ತಿತ್ತು. ಕಂತಿನಲ್ಲಿ ಚಾಕುವಿನಿಂದ ಪಟ್ಟಿ ಕೊಯ್ಯುವವರನ್ನು ನೋಡಿ ಗಾಬರಿ ಅನ್ನಿಸಬಹುದು, ಅದು ಲೆಕ್ಕಾಚಾರವೇ. ಜರ್ಮನರು ಮೆರ್ಡರೆ ಮತ್ತು ದೂವ್ ನದಿಗಳ ಬಯಲನ್ನು ನೀರಿಂದ ತುಂಬಿಸಿದ್ದರು. ವಿಮಾನದಿಂದ ನೋಡಿದರೆ ಎದ್ದ ಹುಲ್ಲಿನ ನಡುವೆ ಅದು ಗದ್ದೆಯಂತೆಯೇ ಕಾಣುತ್ತಿತ್ತು. ಎದೆಮಟ್ಟದ ನೀರಿನಲ್ಲಿ ಮೂರು ಕೊಂಡಿ, ಒದ್ದೆ ಕ್ಯಾನ್ವಾಸ್, ಮೇಲೆ ಹರಡಿದ ಛತ್ರಿ. ಅಲ್ಲಿ ಮುಳುಗಿ ಸತ್ತವರಲ್ಲಿ 82ನೇ ಡಿವಿಜನ್ನಿನವರು ಹೆಚ್ಚು. ಕಂತು ಈ ಭಾಗವನ್ನು ತೋರಿಸುವುದಿಲ್ಲ, ಈಸಿ ಕಂಪನಿ 101ನೆಯದ್ದಾದ್ದರಿಂದ.

ಕತ್ತಲಲ್ಲಿ ಕೇಳುವ ಕಟ್‌ಕಟ್ ಸದ್ದು 101ನೇ ಡಿವಿಜನ್ ಹಂಚಿದ್ದ ‘ಕ್ರಿಕೆಟ್’ ಎಂಬ ಪುಟ್ಟ ಹಿತ್ತಾಳೆಯ ಸದ್ದಿನ ಸಾಧನದ್ದು. ನಮ್ಮವನೇ ಎಂದು ತಿಳಿಯಲು ಒಮ್ಮೆ ಒತ್ತಿದರೆ ಎದುರಿನವನು ಎರಡು ಬಾರಿ ಒತ್ತಿ ಉತ್ತರಿಸಬೇಕು. ಕ್ರಿಕೆಟ್ ಕಳೆದುಕೊಂಡವರಿಗೆ ‘ಫ್ಲ್ಯಾಶ್’ ಎಂದರೆ ‘ಥಂಡರ್’ ಎಂಬ ಸಂಕೇತ.

ಹಗಲಾಗುವಷ್ಟರಲ್ಲಿ, ಅಷ್ಟೇಕೆ ದಿನ ಕಳೆಯುವಷ್ಟರಲ್ಲೂ, ಜಿಗಿದ ಸುಮಾರು 6,600 ಜನರಲ್ಲಿ 2,500ರಷ್ಟು ಮಾತ್ರ 101ನೇ ಡಿವಿಜನ್ನಿನ ಹಿಡಿತಕ್ಕೆ ಬಂದಿದ್ದರು. ಹೀಗಾಗಿಯೇ ಕಂತಿನ ಎರಡನೇ ಅರ್ಧದಲ್ಲಿ, ಬ್ರೇಕೂರ್ ತೋಟದ ಬದುವಿನಲ್ಲಿದ್ದ ನಾಲ್ಕು 105 ಮಿಲಿಮೀಟರ್ ತೋಪುಗಳ ಮೇಲೆ ನುಗ್ಗಲು ವಿಂಟರ್ಸ್‌ಗೆ ಸಿಗುವುದು ಹನ್ನೆರಡು-ಹದಿಮೂರು ಜನ. ಆ ತೋಪುಗಳು ಅಮೆರಿಕನ್ ಪಡೆಗಳು ಹಡಗಿನಿಂದ ಇಳಿಯುತ್ತಿದ್ದ ಯೂಟಾ ಕಡಲತೀರದಿಂದ ಬರುವ ದಾರಿಯ ಮೇಲೆ ಹೊಡೆಯುತ್ತಿದ್ದವು. ಹಿಡಿದ ತೋಪನ್ನು ಹಾಳುಮಾಡಲು ಸರಿಯಾದ ಸ್ಫೋಟಕದ ಕಿಟ್ಟೂ ಇರಲಿಲ್ಲ. ಬೆಟಾಲಿಯನ್ನಿನ ಕ್ಲಾರೆನ್ಸ್ ಹೆಸ್ಟರ್ ತಂದುಕೊಟ್ಟ ಟಿಎನ್‌ಟಿ ಗಟ್ಟಿಗಳನ್ನು ನಳಿಗೆಯೊಳಗೆ ತಳ್ಳಿ, ಮೇಲಿನಿಂದ ಜರ್ಮನರದೇ ಹಿಡಿಕೆಯ ಗ್ರೆನೇಡ್ ಬಿಟ್ಟು ಸಿಡಿಸಿದರು. ನಳಿಗೆಯ ಬುಡ ಸೀಳಿಹೋಯಿತು.

ಚೆಲ್ಲಾಪಿಲ್ಲಿಯಾದದ್ದರಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು. ಎಲ್ಲೆಂದರಲ್ಲಿ ಪ್ಯಾರಾಟ್ರೂಪರ್‌ಗಳು, ಜೊತೆಗೆ ಜರ್ಮನರನ್ನು ಏಮಾರಿಸಲು ಛತ್ರಿ ಕಟ್ಟಿ ಬೇರೆಡೆ ಬೀಳಿಸಿದ್ದ ಗೊಂಬೆಗಳು. ದಾಳಿಯ ಗುರಿ ಯಾವುದು, ಬಲವೆಷ್ಟು ಎಂದು ಜರ್ಮನ್ ಅಧಿಕಾರಿಗಳಿಗೆ ಬೇಗ ಅಂದಾಜಾಗಲಿಲ್ಲ. ಇದನ್ನೇ ಯೋಜನೆಯ ಜಾಣತನವೆಂದು ಹೊಗಳುವವರಿದ್ದಾರೆ, ಅದು ಸ್ವಲ್ಪ ಅತಿಯಾಯಿತು.

ಅದೇ ವರ್ಷ ಸೆಪ್ಟೆಂಬರ್ 17ರಂದು ಹಾಲೆಂಡಿನಲ್ಲಿ ಇದೇ ಡಿವಿಜನ್ ಹಗಲಲ್ಲಿ ಜಿಗಿದಾಗ ಬಹುತೇಕ ಸರಿಯಾದ ಜಾಗಕ್ಕೇ ಬಿತ್ತು. ನಾಲ್ಕನೇ ಕಂತಿನ ಬಿಸಿಲಿನ ಇಳಿತವನ್ನು ಎರಡನೆಯದರ ಪಕ್ಕ ಇಟ್ಟು ನೋಡಿದರೆ ಸಾಕು. ಹಗಲೆಂದರೆ ಎಲ್ಲ ಸರಿಹೋಗುತ್ತದೆಂದಲ್ಲ. 1971ರ ಡಿಸೆಂಬರ್ 11ರ ಸಂಜೆ ಬೆಳಕಿರುವಾಗಲೇ ನಮ್ಮ 2 ಪ್ಯಾರಾ ಬೆಟಾಲಿಯನ್ ಇಂದಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿದಾಗಲೂ ಕೆಲವರು ಗುರಿಯಿಂದ ದೂರ ಬಿದ್ದರು. ಅಲ್ಲಿ ಊರಿನ ಜನ ಸಾಮಾನು ಹುಡುಕಿ ಹೊತ್ತು ತಂದುಕೊಟ್ಟದ್ದು ದೊಡ್ಡ ಅನುಕೂಲವಾಯಿತು, ಪೂಂಗ್ಲಿ ಸೇತುವೆ ಅದೇ ರಾತ್ರಿ ಕೈವಶವಾಯಿತು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಈಗಿರುವುದು ಬೆಂಗಳೂರಿನಲ್ಲಿ, ಜಿಗಿತ ಕಲಿಯಲು ಮಾತ್ರ ಆಗ್ರಾಕ್ಕೆ ಹೋಗಬೇಕು. ಭಾರವಾದ ಚೀಲವನ್ನು ಛತ್ರಿ ಅರಳಿದ ಮೇಲೆ ಹಗ್ಗದಲ್ಲಿ ಕೆಳಗಿಳಿಬಿಡುವ ಪದ್ಧತಿ ಇಂದಿಗೂ ಪ್ಯಾರಾಟ್ರೂಪರ್‌ಗಳಲ್ಲಿದೆ. ಅದನ್ನು ಮೊದಲ ಸಲ ಕೈಗೆತ್ತಿಕೊಳ್ಳುವುದು ಯುದ್ಧದ ರಾತ್ರಿಯಲ್ಲಲ್ಲ, ತರಬೇತಿಯಲ್ಲಿ.