ಸಂಪಾಜೆ ಘಾಟಿಯೂ ದೊಡ್ಡ ಡಿಸ್ಕೂ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿರುವ ನನ್ನ ಸೋದರಳಿಯನ ಬಳಿ ತೊಂಬತ್ತರ ದಶಕದ ಕೊನೆಯಲ್ಲಿ ತಯಾರಾದ, ಸಾವಿರ ಸಿಸಿ ಇಂಜಿನ್ನಿನ ಪುಟ್ಟ ಕಾರೊಂದಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್; ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿಯದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ. ಕಳೆದ ಮಳೆಗಾಲದಲ್ಲಿ ಅದು ಅವನನ್ನು ಎರಡು ಸಲ ಹೆದರಿಸಿತು. ಒಮ್ಮೆ ಬೋವಿಕ್ಕಾನದ ಹತ್ತಿರ ಮುಂದಿದ್ದ ಬಸ್ಸು ಫಕ್ಕನೆ ನಿಂತಾಗ, ಬ್ರೇಕ್ ಒತ್ತಿದ ಕೂಡಲೇ ಚಕ್ರಗಳೇನೋ ನಿಂತವು, ಕಾರು ಮಾತ್ರ ನೀರಿನ ಮೇಲೆ ಜಾರಿಕೊಂಡು ಹೋಗಿ ಬಸ್ಸಿನ ಹಿಂಭಾಗಕ್ಕೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಇನ್ನೊಮ್ಮೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ, ಕೊಯನಾಡು ಸಮೀಪಿಸುತ್ತಿದ್ದಂತೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿದುಹೋಯಿತು. ಎರಡಕ್ಕೂ ಒಂದೇ ಮದ್ದೆಂದು ಅವನು ತೀರ್ಮಾನಿಸಿದ್ದ: ದೊಡ್ಡ ಡಿಸ್ಕ್, ಅದನ್ನು ಎರಡು ಪ್ಯಾಡುಗಳ ನಡುವೆ ಹಿಂಡಲು ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಕ್ಯಾಲಿಪರಿಗೊಂದು ಕೆಂಪು ಬಣ್ಣ. ನನಗೆ ಕಂಡದ್ದು ಬೇರೆ. ಇವು ಎರಡು ಪ್ರತ್ಯೇಕ ಕಾಯಿಲೆಗಳು, ಮತ್ತು ಒಂದರ ಮದ್ದು ಇನ್ನೊಂದನ್ನು ಉಲ್ಬಣಿಸಬಹುದು.

ಬೋವಿಕ್ಕಾನದ ಪ್ರಸಂಗವನ್ನೇ ಮೊದಲು ನೋಡೋಣ. ಕಾರನ್ನು ನಿಲ್ಲಿಸುವ ಬಲ ಹುಟ್ಟುವುದು ಡಿಸ್ಕಿನಲ್ಲಿ ಅಲ್ಲ, ಟೈರು ರಸ್ತೆಯನ್ನು ಮುಟ್ಟುವ, ಅಂಗೈಯಷ್ಟಗಲದ ನಾಲ್ಕು ತುಣುಕುಗಳಲ್ಲಿ. ಬ್ರೇಕು ಚಕ್ರವನ್ನು ತಡೆಯುತ್ತದೆ, ರಸ್ತೆ ಕಾರನ್ನು ತಡೆಯುತ್ತದೆ. ಒಳ್ಳೆಯ ಟೈರಿಗೂ ಒಣಗಿದ ಡಾಮರಿಗೂ ನಡುವಿನ ಹಿಡಿತವನ್ನು ಸೂಚಿಸುವ ಘರ್ಷಣಾಂಕ ಸುಮಾರು 0.8 ಎಂದಿಟ್ಟುಕೊಂಡರೆ, ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ 20 ಮೀಟರ್‌ನಂತೆ ಸಾಗುವ ಕಾರು ಬ್ರೇಕ್ ಹಿಡಿದ ಮೇಲೆ 25 ಮೀಟರಿನಷ್ಟು ದೂರದಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆ ಮತ್ತು ಸವೆದ ಟೈರು ಸೇರಿ ಆ ಅಂಕ 0.4ಕ್ಕೆ ಇಳಿದರೆ ದೂರ 51 ಮೀಟರ್ ಆಗುತ್ತದೆ. ಈ ಲೆಕ್ಕದಲ್ಲಿ ಡಿಸ್ಕಿನ ವ್ಯಾಸ ಎಲ್ಲಿಯೂ ಬರುವುದಿಲ್ಲ; ಕಾರಿನ ತೂಕವೂ ಬರುವುದಿಲ್ಲ. ಇರುವ ಬ್ರೇಕು ಚಕ್ರವನ್ನು ಪೂರ್ತಿ ಬಿಗಿಹಿಡಿದು ನಿಲ್ಲಿಸಿತು ಎಂದಾದರೆ ಬ್ರೇಕಿನ ಬಲ ಆಗಲೇ ಟೈರಿನ ಹಿಡಿತವನ್ನು ಮೀರಿತ್ತು ಎಂದೇ ಅರ್ಥ. ಅದಕ್ಕೆ ಇನ್ನಷ್ಟು ಬಲವನ್ನು ಸೇರಿಸುವುದು ತುಂಬಿ ಹರಿಯುತ್ತಿರುವ ಕೊಡಕ್ಕೆ ಇನ್ನೊಂದು ಚೆಂಬು ನೀರು ಹೊಯ್ದಂತೆ.

ಘಾಟಿಯ ಕತೆ ಹಾಗಲ್ಲ, ಅಲ್ಲಿ ವಿಷಯ ಶಾಖದ್ದು. ಇಬ್ಬರು ಕುಳಿತ ಅವನ ಕಾರು 900 ಕಿಲೋ ಇದೆ ಎನ್ನಿ. 72 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ 180 ಕಿಲೋಜೂಲ್. ಅರ್ಧ ಲೀಟರಿಗೂ ತುಸು ಹೆಚ್ಚು ನೀರನ್ನು ತಣ್ಣಗಿರುವಲ್ಲಿಂದ ಕುದಿಯುವವರೆಗೆ ಕಾಯಿಸಲು ಇಷ್ಟು ಶಾಖ ಸಾಕು. ಇದನ್ನು ಬ್ರೇಕುಗಳು ಎರಡೂವರೆ ಸೆಕೆಂಡಿನಲ್ಲಿ ನುಂಗಬೇಕು, ಅಂದರೆ 70 ಕಿಲೋವ್ಯಾಟ್ ದರದಲ್ಲಿ. ಅವನ ಇಂಜಿನ್ ಪೂರ್ತಿ ದಮ್ಮು ಕಟ್ಟಿದರೂ ಸುಮಾರು 37 ಕಿಲೋವ್ಯಾಟ್. ಕಾರಿನಲ್ಲಿ ಅತ್ಯಂತ ಬಲಶಾಲಿಯಾದ ಯಂತ್ರ ಬ್ರೇಕೇ ಹೊರತು ಇಂಜಿನ್ ಅಲ್ಲ ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ. ಆದರೂ ಒಂದು ಸಲ ನಿಲ್ಲಿಸಿದ್ದರಿಂದ ಡಿಸ್ಕಿಗೆ ದೊಡ್ಡದೇನೂ ಆಗುವುದಿಲ್ಲ. ಮುಂದಿನ ಎರಡು ಡಿಸ್ಕುಗಳು ತಲಾ ಮೂರೂವರೆ ಕಿಲೋ ತೂಗುವ ಬೀಡುಕಬ್ಬಿಣದವು, ಶಾಖದ ಶೇಕಡಾ 70 ಅವುಗಳ ಪಾಲಿಗೆ ಬರುತ್ತದೆ ಎಂದು ಲೆಕ್ಕ ಹಾಕಿದರೆ ಅವುಗಳ ಉಷ್ಣತೆ ಏರುವುದು 40 ಡಿಗ್ರಿಯಷ್ಟು ಮಾತ್ರ.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಕಾರು ಸುಮಾರು ಸಾವಿರ ಮೀಟರ್ ಎತ್ತರವನ್ನು ಕಳೆದುಕೊಳ್ಳುತ್ತದೆ. 900 ಕಿಲೋ ತೂಕಕ್ಕೆ ಇದು 88 ಲಕ್ಷ ಜೂಲ್, ಎಂದರೆ 72 ಕಿಲೋಮೀಟರ್ ವೇಗದಿಂದ ನಲವತ್ತೊಂಬತ್ತು ಸಲ ನಿಲ್ಲಿಸಿದಷ್ಟು. ಇದೆಲ್ಲವೂ ಬ್ರೇಕಿಗೇ ಹೋಗಿ, ಒಂದಿಷ್ಟೂ ಗಾಳಿಗೆ ಬಿಟ್ಟುಹೋಗದಿದ್ದರೆ ಡಿಸ್ಕಿನ ಉಷ್ಣತೆ 1900 ಡಿಗ್ರಿ ದಾಟಬೇಕಾಗುತ್ತಿತ್ತು. ಬೀಡುಕಬ್ಬಿಣ 1200 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗಿಬಿಡುತ್ತದೆ. ಹಾಗೆ ಆಗದಿರುವುದಕ್ಕೆ ಕಾರಣ ಎರಡು. ಡಿಸ್ಕಿನ ಮೇಲೆ ಹಾಯುವ ಗಾಳಿ ಒಂದು. ಎರಡನೇ ಗೇರಿನಲ್ಲಿ ಇಳಿಯುವ ಚಾಲಕನಿಗೆ ಇಂಜಿನ್ ಒದಗಿಸುವ ತಡೆ ಇನ್ನೊಂದು. ಅಳಿಯ ಇಳಿದದ್ದು ನಾಲ್ಕನೇ ಗೇರಿನಲ್ಲಿ, ಪೆಡಲಿನ ಮೇಲೆ ಕಾಲಿಟ್ಟುಕೊಂಡೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. ಬಿಸಿಯೇರಿದ ಪ್ಯಾಡು ತನ್ನ ಘರ್ಷಣೆಯನ್ನು ಕಳೆದುಕೊಂಡರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಎಷ್ಟು ಒತ್ತಿದರೂ ಕಾರು ನಿಧಾನವಾಗುವುದಿಲ್ಲ, ಅಷ್ಟೆ. ಪೆಡಲ್ ಮೆತ್ತಗಾಗಿ ಇಳಿದುಹೋಗಿ, ಗಾಡಿ ನಿಲ್ಲಿಸಿ ಅರ್ಧ ಗಂಟೆ ಕಾದ ಮೇಲೆ ತಾನಾಗಿ ಸರಿಯಾದರೆ ಅದು ಬ್ರೇಕ್ ಆಯಿಲ್ ಕುದಿದ ಲಕ್ಷಣ. ಪ್ಯಾಡಿನ ಶಾಖ ಪಿಸ್ಟನ್ನಿನ ಮೂಲಕ ಕ್ಯಾಲಿಪರಿನೊಳಗಿನ ಆಯಿಲಿಗೆ ತಲುಪುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಹಿಂಡಿ ಚಿಕ್ಕದು ಮಾಡಲಾಗುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಹೈಡ್ರಾಲಿಕ್ ಬ್ರೇಕು ನಿಂತಿರುವುದು. ಆವಿಯನ್ನಾದರೆ ಸುಲಭವಾಗಿ ಹಿಂಡಬಹುದು. ಕಾಲು ಒತ್ತಿದ್ದೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಅಳಿಯನ ಪೆಡಲು ಕಲ್ಲುಗುಂಡಿಯಲ್ಲಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಮೊದಲಿನಂತಾಗಿತ್ತಂತೆ.

ಹೊಸ ಆಯಿಲ್ ಇಷ್ಟು ಬೇಗ ಕುದಿಯುವುದಿಲ್ಲ. ಡಾಟ್ 3 ದರ್ಜೆಯ ಹೊಸ ಆಯಿಲಿಗೆ ಕನಿಷ್ಠ ಕುದಿಬಿಂದು 205 ಡಿಗ್ರಿ, ಡಾಟ್ 4ಕ್ಕೆ 230 ಡಿಗ್ರಿ. ಆದರೆ ಈ ಗ್ಲೈಕಾಲ್ ಜಾತಿಯ ಆಯಿಲುಗಳು ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದಾಗ ಡಾಟ್ 3ರ ಮಿತಿ 140 ಡಿಗ್ರಿಗೂ ಡಾಟ್ 4ರದ್ದು 155 ಡಿಗ್ರಿಗೂ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಪ್ಪಳವೂ ಗರಿಗರಿಯಾಗಿ ಉಳಿಯದ ನಮ್ಮ ಕಾಸರಗೋಡಿನ ಹವೆಯಲ್ಲಿ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಹೆಚ್ಚೇನಲ್ಲ. ಅಳಿಯನ ಕಾರಿನದ್ದನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಅವನು ತನ್ನ ಅಪ್ಪನ ಮುಖ ನೋಡಿದ.

ಹಾಗಾದರೆ ದೊಡ್ಡ ಡಿಸ್ಕಿನಿಂದ ಪ್ರಯೋಜನವೇ ಇಲ್ಲವೆ? ಇದೆ, ಆದರೆ ಅದು ಹತ್ತನೆಯ ಸಲ ನಿಲ್ಲಿಸುವಾಗ ಕಾಣುವ ಪ್ರಯೋಜನ. ಹೆಚ್ಚು ಕಬ್ಬಿಣವಿದ್ದರೆ ಅಷ್ಟೇ ಶಾಖಕ್ಕೆ ಉಷ್ಣತೆ ಕಡಿಮೆ ಏರುತ್ತದೆ. ಎರಡು ತಟ್ಟೆಗಳ ನಡುವೆ ರೆಕ್ಕೆಗಳಿರುವ ಗಾಳಿಯಾಡುವ ಡಿಸ್ಕು ತಿರುಗುವಾಗ ತಾನೇ ಬೀಸಣಿಗೆಯಾಗಿ ಒಳಗಿನ ಬಿಸಿಯನ್ನು ಹೊರಕ್ಕೆ ತೂರುತ್ತದೆ. 1953ರ ಲೆ ಮಾನ್ಸ್ 24 ಗಂಟೆಗಳ ಪಂದ್ಯವನ್ನು ಗೆದ್ದ ಜಾಗ್ವಾರ್ ಸಿ-ಟೈಪ್ ಕಾರಿಗೆ ಡನ್ಲಪ್ ಡಿಸ್ಕ್ ಬ್ರೇಕುಗಳಿದ್ದವು. ದೀರ್ಘವಾದ ನೇರ ರಸ್ತೆಯ ಕೊನೆಗೆ ಮತ್ತೆ ಮತ್ತೆ ಬಲವಾಗಿ ಬ್ರೇಕ್ ಹಿಡಿಯಬೇಕಾದ ಆ ಪಂದ್ಯದಲ್ಲಿ, ಕಾದಷ್ಟೂ ಹಿಗ್ಗಿ, ಒಳಗಿನಿಂದ ಒತ್ತುವ ಶೂಗಳಿಂದ ದೂರ ಸರಿಯುವ ಡ್ರಮ್ಮುಗಳಿಗೆ ಇಲ್ಲದ ತಾಳಿಕೆ ಅವುಗಳಿಗಿತ್ತು. ದಿನಾಲೂ ಹೇರು ಹೊತ್ತು ಘಾಟಿ ಇಳಿಯುವವರಿಗೆ, ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಈ ಖರ್ಚು ಸಾರ್ಥಕ. ಡಿಸ್ಕಿನಲ್ಲಿ ತೂತು ಕೊರೆದಿರುವುದು ನೋಡಲು ಚಂದವೇ, ಆದರೆ ಬಿರುಕು ಹುಟ್ಟುವುದೂ ಆ ತೂತುಗಳ ಅಂಚಿನಲ್ಲಿಯೇ.

ಇನ್ನು ಅಳಿಯ ಯೋಚಿಸದೆ ಬಿಟ್ಟದ್ದು ಮುಂದಿನ ಮತ್ತು ಹಿಂದಿನ ಬ್ರೇಕುಗಳ ಹೊಂದಾಣಿಕೆ. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಇಂತಹ ಪುಟ್ಟ ಕಾರಿನಲ್ಲಿ ಒಣ ರಸ್ತೆಯ ಮೇಲೆ ಬಲವಾಗಿ ನಿಲ್ಲಿಸುವಾಗ ನೂರರಲ್ಲಿ ಎಂಬತ್ತರಷ್ಟು ಭಾರ ಮುಂದಿನ ಟೈರುಗಳ ಮೇಲಿರುತ್ತದೆ. ಒದ್ದೆ ರಸ್ತೆಯಲ್ಲಿ ವೇಗ ಇಳಿಯುವ ದರ ಕಡಿಮೆಯಾದುದರಿಂದ ವಾಲುವಿಕೆಯೂ ಕಡಿಮೆ, ಆಗ ಮುಂದಿನ ಪಾಲು ಎಪ್ಪತ್ತರ ಆಸುಪಾಸು. ಪ್ರತಿಯೊಂದು ಟೈರೂ ತನ್ನ ಮೇಲಿರುವ ಭಾರಕ್ಕೆ ತಕ್ಕಷ್ಟೇ ಬ್ರೇಕನ್ನು ತಾಳಬಲ್ಲದು. ಕಾರನ್ನು ವಿನ್ಯಾಸ ಮಾಡಿದವರು ಮುಂದಿನ ಡಿಸ್ಕಿನ ವ್ಯಾಸ, ಹಿಂದಿನ ಡ್ರಮ್ಮಿನ ಅಳತೆ, ಹಿಂದಕ್ಕೆ ಹೋಗುವ ಒತ್ತಡವನ್ನು ಮಿತಿಗೊಳಿಸುವ ವಾಲ್ವು ಇವೆಲ್ಲವನ್ನೂ ಈ ಲೆಕ್ಕಕ್ಕೆ ಹೊಂದಿಸಿರುತ್ತಾರೆ. ಮುಂದೆ ಮಾತ್ರ ದೊಡ್ಡ ಡಿಸ್ಕನ್ನೂ ದೊಡ್ಡ ಪಿಸ್ಟನ್ನುಗಳನ್ನೂ ಕೂರಿಸಿದರೆ ಮುಂದಿನ ಚಕ್ರಗಳು ಇನ್ನೂ ಬೇಗ ಕಟ್ಟಿಹಿಡಿದಂತಾಗುತ್ತವೆ, ಹಿಂದಿನ ಟೈರುಗಳ ಹಿಡಿತ ಬಳಕೆಯಾಗದೆ ಉಳಿಯುತ್ತದೆ. ಮಳೆಯಲ್ಲಿ ಈ ಅಸಮತೋಲ ಹೆಚ್ಚುವುದರಿಂದ ಬೋವಿಕ್ಕಾನದಲ್ಲಿ ಉಳಿದಿದ್ದ ಆ ಒಂದು ಗೇಣೂ ಉಳಿಯದು. ಹಿಂದಿನದನ್ನು ಅತಿಯಾಗಿ ಬಲಪಡಿಸುವುದು ಇದಕ್ಕಿಂತಲೂ ಅಪಾಯಕರ, ಏಕೆಂದರೆ ಹಿಂದಿನ ಚಕ್ರ ಮೊದಲು ಬಿಗಿದರೆ ಕಾರು ಅಡ್ಡ ತಿರುಗುತ್ತದೆ.

ಪಿಸ್ಟನ್ನಿನ ವಿಸ್ತಾರ ಹೆಚ್ಚಿದರೆ ಅದನ್ನು ಸರಿಸಲು ಹೆಚ್ಚು ಆಯಿಲ್ ಬೇಕು. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಅಷ್ಟನ್ನು ಕಳುಹಿಸಬೇಕಾದರೆ ಪೆಡಲ್ ಇನ್ನಷ್ಟು ಕೆಳಗಿಳಿಯಬೇಕು. ಸಿಲಿಂಡರನ್ನೂ ದೊಡ್ಡದು ಮಾಡಿದರೆ ಪೆಡಲ್ ಗಡುಸಾಗುತ್ತದೆ. 13 ಇಂಚಿನ ರಿಮ್ಮಿನೊಳಗೆ ದೊಡ್ಡ ಡಿಸ್ಕು ಹಿಡಿಸುವುದಿಲ್ಲ, ಹಾಗಾಗಿ ರಿಮ್ಮು, ಟೈರುಗಳೂ ಬದಲಾಗಬೇಕು. ಇದರ ಮೇಲೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕೇರಳದಿಂದಲೇ ಹೋದ ಪ್ರಕರಣದಲ್ಲಿ.

ಕೊನೆಗೆ ಮುಳ್ಳೇರಿಯದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಬಿಡುವ ಬ್ಲೀಡಿಂಗ್ ನಿಪ್ಪಲ್ ಸಡಿಲಿಸಿದಾಗ ಬಾಟಲಿಗೆ ಇಳಿದದ್ದು ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್. ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸದನ್ನು ತುಂಬಿಸಿ, ನಾಲ್ಕೂ ಚಕ್ರಗಳಿಂದ ಗಾಳಿ ತೆಗೆದು, ಹಿಂದಿನ ಡ್ರಮ್ಮುಗಳ ಶೂಗಳನ್ನು ಅಡ್ಜಸ್ಟ್ ಮಾಡಿದರು. ಜಾಮ್ ಆಗಿದ್ದ ಎಡಗಡೆಯ ಕ್ಯಾಲಿಪರಿನ ಪಿನ್ನುಗಳನ್ನು ಬಿಡಿಸಿ ಗ್ರೀಸ್ ಹಾಕಿದರು. ಹೊಸ ಪ್ಯಾಡು ಮತ್ತು ಟೈರುಗಳಿಗೆ ಆದ ಖರ್ಚು ಅವನು ನೋಡಿಟ್ಟಿದ್ದ ಕಿಟ್ಟಿನ ಬೆಲೆಯ ಅರ್ಧವನ್ನೂ ಮುಟ್ಟಲಿಲ್ಲ. ಉಳಿದ ಹಣದಲ್ಲಿ ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿಸಿಕೊಂಡ. ಭೌತಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ನನ್ನ ಆಕ್ಷೇಪವೇನೂ ಇರಲಿಲ್ಲ.