ಕಲ್ಲಿನೊಳಗೆ ಕಪ್ಪೆ ಬದುಕೋಕೆ ಸಾಧ್ಯವಾ?

ಪ್ರಶ್ನೆ: ಬೇಲೂರಿನ ಕಪ್ಪೆ ಚೆನ್ನಿಗರಾಯನ ಮೂರ್ತಿಯೊಳಗೆ ಜೀವಂತ ಕಪ್ಪೆ ಇತ್ತು ಅಂತಾರಲ್ಲ, ಗಾಳಿ ಇಲ್ಲ, ಊಟ ಇಲ್ಲ, ಅಂಥ ಕಡೆ ಕಪ್ಪೆ ನಿಜಕ್ಕೂ ಬದುಕುತ್ತಾ?

ಉತ್ತರ: ಪೂರ್ತಿ ಮುಚ್ಚಿದ ಗಟ್ಟಿ ಕಲ್ಲಿನೊಳಗೆ ಬದುಕುವುದಿಲ್ಲ. ಆದರೆ ಜನ ಹೀಗೆ ನಂಬಿದ್ದು ಸುಮ್ನೆ ಅಲ್ಲ. ಕಪ್ಪೆಯ ಮೈ ಮಾಡುವ ಕೆಲಸಗಳನ್ನು ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸಬೇಕು.

ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷ ಇದೆ ಎಂದು ಒಬ್ಬ ಹುಡುಗ ಹೇಳುತ್ತಾನೆ. ತೋರಿಸಿದರೆ ನನ್ನ ಕೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಸವಾಲು ಹಾಕುತ್ತಾನೆ. ಹುಡುಗ ಮೂರ್ತಿಯ ಮೈಗೆಲ್ಲ ಗಂಧ ಬಳಿಯುತ್ತಾನೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟು ಹೊಡೆದರೆ ಮರಳು, ನೀರು, ಜೊತೆಗೊಂದು ಕಪ್ಪೆ ಹೊರಗೆ ಬರುತ್ತದೆ. ಆ ಹುಡುಗ ಜಕಣಾಚಾರಿಯ ಮಗ ಡಂಕಣ ಎಂದು ಆಮೇಲೆ ಗೊತ್ತಾಗುತ್ತದೆ. ಇದು ಐತಿಹ್ಯ. ಗುಡಿ ಮಾತ್ರ ಇವತ್ತಿಗೂ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲೇ ಇದೆ, ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ್ದು.

ಇಂಥ ಕಥೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಗ್ಲೆಂಡಿನಲ್ಲೂ ಕಲ್ಲು ಒಡೆಯುವವರು, ಬಂಡೆ ಸೀಳಿದಾಗ ಒಳಗಿಂದ ಜೀವಂತ ನೆಲಗಪ್ಪೆ ಬಂತು ಅಂತ ಹೇಳುತ್ತಲೇ ಇದ್ದರು. ಇದು ನಿಜವೋ ಸುಳ್ಳೋ ನೋಡಿಯೇ ಬಿಡೋಣ ಎಂದು ಹೊರಟವರು ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್. ಮೊದಲ ಸಲ ಒಂದು ಡೈನೋಸಾರಿಗೆ ಹೆಸರಿಟ್ಟು ವಿವರ ಬರೆದವರು ಇವರೇ, 1824ರಲ್ಲಿ. ಮರುವರ್ಷ, 1825ರ ನವೆಂಬರಿನಲ್ಲಿ, ಅವರು ಎರಡು ದಪ್ಪ ಕಲ್ಲು ತರಿಸಿದರು. ಒಂದು ಸಣ್ಣ ಸಣ್ಣ ರಂಧ್ರಗಳಿರುವ ಸುಣ್ಣಕಲ್ಲು, ಇನ್ನೊಂದು ಗಟ್ಟಿ ಮರಳುಗಲ್ಲು. ಒಂದೊಂದರಲ್ಲೂ 12 ಗುಳಿ ಕೊರೆಸಿ, ಗುಳಿಗೊಂದು ನೆಲಗಪ್ಪೆ ಇಟ್ಟು, ಮೇಲೆ ಗಾಜು ಮುಚ್ಚಿ, ಸಂದಿಗೆ ಮೆತ್ತಿ, ತಮ್ಮ ತೋಟದಲ್ಲಿ 3 ಅಡಿ ಆಳಕ್ಕೆ ಹೂಳಿಸಿದರು.

ಒಂದು ವರ್ಷ ಕಳೆದ ಮೇಲೆ ತೆಗೆದು ನೋಡಿದರೆ, ಗಟ್ಟಿ ಮರಳುಗಲ್ಲಿನಲ್ಲಿದ್ದವೆಲ್ಲ ಸತ್ತು ಕೊಳೆತಿದ್ದವು. ಸುಣ್ಣಕಲ್ಲಿನಲ್ಲಿದ್ದ ಸಣ್ಣವೂ ಸತ್ತಿದ್ದವು. ಆದರೆ ಅದೇ ಕಲ್ಲಿನಲ್ಲಿದ್ದ ದೊಡ್ಡ ಕಪ್ಪೆಗಳಲ್ಲಿ ಹೆಚ್ಚಿನವು ಇನ್ನೂ ಬದುಕಿದ್ದವು! ಒಂದರ ತೂಕ ಜಾಸ್ತಿ ಬೇರೆ ಆಗಿತ್ತು. ಅದರ ಗಾಜು ಬಿರುಕು ಬಿಟ್ಟಿತ್ತು, ಹುಳಹುಪ್ಪಟೆ ಒಳಗೆ ಹೋಗಿರಬೇಕು. ಬದುಕಿದ್ದವನ್ನು ಮತ್ತೆ ಹೂಳಿಸಿದರು. ಎರಡನೇ ವರ್ಷ ನಡುನಡುವೆ ಗಾಜಿನ ಮೂಲಕ ಇಣುಕಿ ನೋಡುತ್ತಿದ್ದರು. ಪ್ರತಿ ಸಲವೂ ಅವು ಎಚ್ಚರವಾಗಿದ್ದವು, ಕಣ್ಣು ತೆರೆದೇ ಇದ್ದವು, ಸಲದಿಂದ ಸಲಕ್ಕೆ ಬಡಕಲಾಗುತ್ತಾ ಹೋದವು. ಆ ವರ್ಷ ಮುಗಿಯುವ ಮೊದಲು ಒಂದೂ ಉಳಿಯಲಿಲ್ಲ. ಇಂಥ ಪ್ರಯೋಗವನ್ನು ಇವತ್ತು ಯಾರೂ ಮಾಡಬಾರದು, ಓದುವಾಗಲೇ ನನಗೆ ಸಂಕಟವಾಗುತ್ತದೆ. ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲೇ ಇದೆ: ಗಾಳಿ, ತೇವ ಹಾಯದ ಕಲ್ಲಿನಲ್ಲಿ ಕಪ್ಪೆ ಒಂದು ವರ್ಷವೂ ಬದುಕಲಿಲ್ಲ. ಅವು ಸ್ವಲ್ಪ ಹಾಯುವ ಕಲ್ಲಿನಲ್ಲಿ, ಊಟ ಇಲ್ಲದೆ, ವರ್ಷಕ್ಕಿಂತ ಜಾಸ್ತಿ ಬದುಕಿತು.

ಅದು ಹೇಗೆ ಅಂದರೆ, ಗುಟ್ಟೆಲ್ಲ ಚರ್ಮದಲ್ಲಿದೆ.

ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ. ಬೇಸಿಗೆಯ ಸಂಜೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ನೆಲಗಪ್ಪೆ ಹಿಂಗಾಲು ಅಗಲಿಸಿ, ಹೊಟ್ಟೆಯನ್ನು ಒದ್ದೆ ನೆಲಕ್ಕೆ ಒತ್ತಿ ಕೂತಿರುತ್ತದಲ್ಲ, ಅದು ನೀರು ಕುಡಿಯುತ್ತಿದೆ ಅಂತಲೇ ಅರ್ಥ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಭಾಗದ ಚರ್ಮ ತುಂಬಾ ತೆಳ್ಳಗೆ, ಅದರ ತುಂಬ ರಕ್ತನಾಳಗಳು. ಅಲ್ಲಿಂದಲೇ ನೀರು ಒಳಗೆ ಹೋಗುತ್ತದೆ. ಕೊಳ, ಕೆರೆ ಬೇಕೆಂದಿಲ್ಲ, ಒದ್ದೆ ಮಣ್ಣಿದ್ದರೂ ಸಾಕು.

ಉಸಿರಾಟವೂ ಅಷ್ಟೇ. ಶ್ವಾಸಕೋಶ ಇದ್ದರೂ ಚರ್ಮದಿಂದಲೂ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೋರ್ನಿಯೋ ದ್ವೀಪದ ತಣ್ಣನೆಯ ತೊರೆಗಳಲ್ಲಿ ಒಂದು ಕಪ್ಪೆ ಇದೆ, ಅದಕ್ಕೆ ಶ್ವಾಸಕೋಶವೇ ಇಲ್ಲ ಎಂದು 2008ರಲ್ಲಿ ವಿಜ್ಞಾನಿಗಳು ಹೇಳಿದ್ದರು. ಆದರೆ ಅದಕ್ಕೂ ಶ್ವಾಸಕೋಶ ಇದೆ ಎಂದು 2024ರಲ್ಲಿ ಗೊತ್ತಾಯಿತು.

ಇನ್ನು ಊಟ. ಕಪ್ಪೆಗೆ ನಮ್ಮ ಹಾಗೆ ಮೈ ಬಿಸಿಯಾಗಿಟ್ಟುಕೊಳ್ಳುವ ಖರ್ಚಿಲ್ಲ. ಅಲ್ಲಾಡದೆ ತಂಪಲ್ಲಿ ಕೂತರೆ ಮೈಯೊಳಗಿನ ಕೊಬ್ಬೇ ತಿಂಗಳುಗಟ್ಟಲೆ ಸಾಕಾಗುತ್ತದೆ. ಆಸ್ಟ್ರೇಲಿಯಾದ ಒಣ ಪ್ರದೇಶದ ಒಂದು ಕಪ್ಪೆ ಇದರಲ್ಲಿ ಎಲ್ಲರನ್ನೂ ಮೀರಿಸಿದೆ. ಮಳೆ ನಿಂತ ಕೂಡಲೇ ಮೂತ್ರಕೋಶದ ತುಂಬ ನೀರು ತುಂಬಿಸಿಕೊಂಡು ಆಳದ ಮಣ್ಣಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಕಪ್ಪೆಗಳು ಕಳಚಿದ ಚರ್ಮವನ್ನು ತಾವೇ ತಿಂದುಬಿಡುತ್ತವೆ. ಇದು ಹಾಗೆ ಮಾಡದೆ ಪದರದ ಮೇಲೆ ಪದರ ಮೈಗೆ ಸುತ್ತಿಕೊಂಡು, ನೀರು ಆರದ ಒಂದು ಚೀಲವನ್ನೇ ಮಾಡಿಕೊಳ್ಳುತ್ತದೆ. ಮತ್ತೆ ಮಳೆ ಬರೋವರೆಗೆ, ವರ್ಷಗಟ್ಟಲೆಯಾದರೂ, ಒಳಗೇ ಇರುತ್ತದೆ. ಅಲ್ಲಿಯ ಮೂಲನಿವಾಸಿಗಳು ಬರಗಾಲದಲ್ಲಿ ಇದನ್ನು ಅಗೆದು ತೆಗೆದು, ಹಿಂಡಿ, ಆ ನೀರು ಕುಡಿಯುತ್ತಿದ್ದರು.

ನಮ್ಮಲ್ಲೂ ಮಣ್ಣಿಗಿಳಿಯುವ ಕಪ್ಪೆಗಳಿವೆ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂಥ ಗಟ್ಟಿ ಗಂಟು ಇರುತ್ತದೆ. ಅದರಿಂದ ಮಣ್ಣು ತಳ್ಳುತ್ತಾ, ಮೈಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾ, ಹಿಂಬದಿಯಿಂದಲೇ ಇಳಿಯುತ್ತವೆ. ಕೊನೆಗೆ ಮೂತಿ ಮಾತ್ರ ಕಾಣುತ್ತದೆ, ಆಮೇಲೆ ಅದೂ ಇಲ್ಲ. ಈ ಗುಂಪಿನ ಒಂದು ಹೊಸ ಜಾತಿಯನ್ನು 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲೇ ಗುರುತಿಸಿ, ಅದಕ್ಕೆ ಊರಿನ ಹೆಸರನ್ನೇ ಇಟ್ಟರು. ಅಷ್ಟು ದೊಡ್ಡ ಊರಿನ ಪಕ್ಕದಲ್ಲೇ ಅಲ್ಲಿಯವರೆಗೂ ಹೆಸರಿಲ್ಲದೆ ಇತ್ತು ಅದು!

ಹಾಗಾದರೆ ಕಲ್ಲು ಒಡೆಯುವವರು ಕಂಡಿದ್ದು ಏನು? ನನಗೆ ಅನ್ನಿಸುವುದು, ಅದು ಸೀಳಿನಲ್ಲಿದ್ದ ಕಪ್ಪೆ. ಮರಿಯಾಗಿದ್ದಾಗ ಬಿರುಕಿನಲ್ಲಿ ನುಗ್ಗಿ, ಒಳಗೆ ಸಿಕ್ಕ ಹುಳ ತಿಂದು ಬೆಳೆದು, ಬಂದ ದಾರಿಯಲ್ಲಿ ವಾಪಸ್ ಹೋಗಲಾರದಷ್ಟು ದೊಡ್ಡದಾಗಬಹುದು. ಬಂಡೆ ಒಡೆದವನಿಗೆ ಕಪ್ಪೆ ಕಾಣುತ್ತದೆ, ಸುತ್ತಿಗೆ ಏಟಿಗೆ ಪುಡಿಯಾದ ಬಿರುಕು ಕಾಣುವುದಿಲ್ಲ. ಬೇಲೂರಿನ ಕಥೆ ಕಟ್ಟಿದವರೂ ಕಪ್ಪೆಯನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಕಥೆಯಲ್ಲಿ ಕಪ್ಪೆಯನ್ನು ಒಣ ಕಲ್ಲಿನಲ್ಲಿ ಇಡಲಿಲ್ಲ ನೋಡಿ, ಜೊತೆಗೆ ನೀರನ್ನೂ ಇಟ್ಟರು.

ಇಷ್ಟು ತೆಳು ಚರ್ಮಕ್ಕೆ ತೊಂದರೆಯೂ ಇದೆ. ನೀರು ಒಳಗೆ ಹೋದಷ್ಟೇ ಸಲೀಸಾಗಿ ಕೀಟನಾಶಕವೂ ಹೋಗುತ್ತದೆ. ಮನೆಯೊಳಗೆ ಬಂದ ಕಪ್ಪೆಗೆ ಕೆಲವರು ಉಪ್ಪು ಎರಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಉಪ್ಪು ಅದರ ಮೈನೀರನ್ನೆಲ್ಲ ಹೊರಗೆಳೆದು ನರಳಿಸುತ್ತದೆ. ಒಂದು ಡಬ್ಬಿ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ತೋಟದ ನೆರಳಲ್ಲಿ ಬಿಟ್ಟರೆ ಆಯಿತು. ಕೈಯಲ್ಲಿ ಹಿಡಿದರೆ ಸುರಿಸುತ್ತದಲ್ಲ, ಅದು ಸುಮ್ನೆ ಮೂತ್ರ ಅಲ್ಲ, ಬಿಸಿಲುಕಾಲಕ್ಕೆಂದು ಕೂಡಿಟ್ಟ ನೀರು. ಏಪ್ರಿಲ್ ತಿಂಗಳಲ್ಲಿ ಪಾತಿ ಅಗೆಯುವಾಗ ಮಣ್ಣುಂಡೆಯಂಥ ಕಪ್ಪೆ ಸಿಕ್ಕಿದರೆ ಸತ್ತಿದೆ ಎಂದು ಎಸೆಯಬೇಡಿ. ಅಲ್ಲೇ ಪಕ್ಕದಲ್ಲಿ ಗುಳಿ ಮಾಡಿ ಇಟ್ಟು, ಸಡಿಲ ಮಣ್ಣು ಮುಚ್ಚಿ, ಮೇಲೆ ಒಂದು ಚೊಂಬು ನೀರು ಹಾಕಿ.